ಕಡಲ ಹೂವಿಗೆ ಹಂಡೆಯ ನೀರು

ಡೊಂಬಿವಲಿ ಸ್ಟೇಷನ್ನಿನ ಹೊರಗಿನ ಹೋಟೆಲೊಂದರಲ್ಲಿ ಚೆನ್ನಯಣ್ಣ ಕುದಿಸಿದ ಸಾಂಬಾರನ್ನೆಲ್ಲ ಒಮ್ಮೆಗೇ ಸುರಿದಿದ್ದರೆ ಕಲ್ಯಾಣದ ತನಕ ಲೋಕಲ್ ರೈಲು ನಿಲ್ಲಿಸಿ ದೋಣಿ ಬಿಡಬೇಕಾಗುತ್ತಿತ್ತು. ಉಪ್ಪಿನ ವಿಷಯದಲ್ಲಂತೂ ಅವನ ನಾಲಿಗೆಯೇ ಸುಪ್ರೀಂ ಕೋರ್ಟು. ಸೌಟು ಬಾಯಿಯ ಹತ್ತಿರ ಬಂದರೆ ಸಾಕು, ಹೆಚ್ಚಾದ ಉಪ್ಪು ತಾನೇ ಎದ್ದು ನಿಂತು ತಪ್ಪೊಪ್ಪಿಕೊಳ್ಳುತ್ತಿತ್ತು.

ಆ ನಾಲಿಗೆ ನಿವೃತ್ತಿ ಪಡೆದು ಸೀವುಡ್ಸ್‌ನ ಫ್ಲ್ಯಾಟಿಗೆ ಬಂದ ವರ್ಷವೇ ಹೆಂಡತಿ ನಳಿನಾಕ್ಷಿಯ ನಾಲಿಗೆ ಬಿದ್ದುಹೋಯಿತು. ಪಾರ್ಶ್ವವಾಯು. ಊರಿಗೆಲ್ಲ ಹಂಚಿ ಮಿಗುವಷ್ಟು ಮಾತಿದ್ದ ಹೆಂಗಸು. ಅವಳು ಫೋನು ಹಿಡಿದರೆ ಉಡುಪಿಯ ತಂಗಿ ನಡುವೆ ಸ್ನಾನ ಮುಗಿಸಿ ಬಂದು "ಹೂಂ" ಅನ್ನುತ್ತಿದ್ದಳು. ಥಾಣೆ ಸ್ಟೇಷನ್ನಿನಲ್ಲಿ ಲೋಕಲ್ ಖಾಲಿಯಾಗುವ ಹಾಗೆ ಅಷ್ಟೂ ಮಾತು ಒಂದೇ ಬೆಳಿಗ್ಗೆ ಇಳಿದುಹೋಯಿತು. ಯಾರೋ ಸೀಟಿನಲ್ಲಿ ಮರೆತ ಕೊಡೆಯ ಹಾಗೆ ತುಳುವಿನ ಒಂದೇ ವಾಕ್ಯ ಉಳಿಯಿತು: "ಒಣಸ್ ಆಂಡಾ?" ಊಟ ಆಯಿತಾ ಎಂದು.

ಅದನ್ನು ಅವಳು ಕೇಳುತ್ತಿದ್ದದ್ದು ಗಂಡನನ್ನಲ್ಲ, ಮೀನುಗಳನ್ನು. ಮಗ ರಿತೇಶ್ ಮಂಚದೆದುರು ಒಂದು ಪುಟ್ಟ ಕಡಲನ್ನೇ ತಂದಿಟ್ಟಿದ್ದ. ಗಾಜಿನ ತೊಟ್ಟಿ, ಹವಳ ಹತ್ತಿದ ಕಲ್ಲು, ಒಂದು ಕೆಂಪು ಸಿಗಡಿ, ಸೇವಂತಿಗೆಯಂತೆ ಅರಳಿ ತೂಗುವ ಜೀವವೊಂದು. ಅದರ ಹೆಸರು ಅನಿಮೋನ್ ಎಂದು ರಿತೇಶ್ ಹೇಳಿದರೂ ಚೆನ್ನಯಣ್ಣನಿಗೆ ಅದು ಹೂವೇ. ಆ ಹೂವಿನ ಎಸಳುಗಳ ನಡುವೆ ಕಿತ್ತಳೆ ಬಣ್ಣದ ಮೀನಿನ ಜೋಡಿ ಸಂಸಾರ ಹೂಡಿತ್ತು. ನಳಿನಾಕ್ಷಿ ಕೇಳಿದೊಡನೆ ಎರಡೂ ಗಾಜಿಗೆ ಮೂತಿ ಒತ್ತಿ ಬಾಯಿ ಆಡಿಸುತ್ತಿದ್ದವು. ಉತ್ತರ ಸಿಕ್ಕಿತೆಂದು ಅವಳು ನಗುತ್ತಿದ್ದಳು.

ರಿತೇಶ್ ಉಪ್ಪು ಅಳೆಯಲು ಯಂತ್ರ ತಂದರೆ ಚೆನ್ನಯಣ್ಣ ತೊಟ್ಟಿಗೆ ಬೆರಳದ್ದಿ ನೆಕ್ಕುತ್ತಿದ್ದ. "ನಿನ್ನ ಮೆಷಿನ್ನಿಗೆ ಒಂದು ಚಿಟಿಕೆ ಕಡಿಮೆ ಬಿದ್ದಿದೆ ಮಾರಾಯ."

"ಪಪ್ಪಾ, ಛೀ, ಮತ್ ಚಾಟೋ."

ಗಣೇಶನ ಹಬ್ಬ ಕಳೆದ ಮೇಲೆ ಮೀನುಗಳ ಮೈಮೇಲೆ ಬಿಳಿ ಚುಕ್ಕಿ ಕಾಣಿಸಿಕೊಂಡವು, ಯಾರೋ ಪುಡಿಯುಪ್ಪು ಚಿಮುಕಿಸಿದ ಹಾಗೆ. ಚೆನ್ನಯಣ್ಣ ವಾಶಿಯ ಮೀನಿನಂಗಡಿಗೆ ಓಡಿದ. ಅಂಗಡಿಯ ಮನೀಶ್ ಧಾರವಾಡದ ಕಡೆಯವನು.

"ಇದು ಉಪ್ಪಲ್ರೀ ಅಂಕಲ್, ಹುಳ. ಮೀನ ತೆಗದು ಬ್ಯಾರೆ ಟಬ್ಬಿನ್ಯಾಗ ಬಿಡ್ರಿ. ತಾಮ್ರದ ಔಷಧ ಆ ಟಬ್ಬಿಗಷ್ಟ. ಟ್ಯಾಂಕಿಗೆ ಬಿತ್ತಂದ್ರ ಹವಳ, ಸಿಗಡಿ, ಹೂವು ಎಲ್ಲಾ ಖಲಾಸ್. ಟ್ಯಾಂಕು ಎರಡೂವರೆ ತಿಂಗಳು ಮೀನಿಲ್ಲದ ಇರ್ಲಿ. ಉಪವಾಸ ಬಿದ್ದು ಹುಳ ತಾವ ಸಾಯ್ತಾವ."

"ನಾನು ಹೋಟೆಲಿನವ ಮಾರಾಯ. ಯಾರನ್ನೂ ಉಪವಾಸ ಕೆಡವಿ ಕೊಂದವನಲ್ಲ."

"ಈಗ ಕಲೀರಿ."

ಕಲಿತ. ಮೀನುಗಳು ಬಿಳಿ ಟಬ್ಬಿಗೆ ಹೋದವು. ಅಂದಿನಿಂದ ನಳಿನಾಕ್ಷಿಯ ಬಾಯಿ ಮುಚ್ಚಿತು. ಟಬ್ಬನ್ನು ಮಂಚದ ಪಕ್ಕಕ್ಕೆ ತಂದು ತೋರಿಸಿದರೂ ಹೂವಿಲ್ಲದ ಮೀನನ್ನು ಅವಳು ಗುರುತಿಸಲಿಲ್ಲ. ಗೋಡೆಯ ಕಡೆ ಹೊರಳಿದಳು, ಗಂಜಿಯ ಬಟ್ಟಲು ದೂಡಿದಳು. ಅವಳಲ್ಲಿ ಉಳಿದದ್ದೇ ಒಂದು ವಾಕ್ಯ; ಅದೂ ಹೋದರೆ ಮನೆಯಲ್ಲಿ ಇನ್ನೇನು ಕೇಳಿಸಬೇಕು? ಚೆನ್ನಯಣ್ಣ ತಡೆಯಲಾರದೆ ಚುಕ್ಕಿ ಮಾಯುವ ಮೊದಲೇ ಮೀನುಗಳನ್ನು ಹೂವಿಗೆ ಮರಳಿಸಿದ.

"ಒಣಸ್ ಆಂಡಾ?" ಎಂದಳು ನಳಿನಾಕ್ಷಿ.

ಆದರೆ ಹುಳಕ್ಕೇನು ಮಾಡುವುದು? ಔಷಧದ ಸೀಸೆಯ ತಾಮ್ರ ವಿಷ, ಸರಿ. ಅಡುಗೆಮನೆಯ ಮೂಲೆಯಲ್ಲಿ ನಳಿನಾಕ್ಷಿ ಮದುವೆಯಲ್ಲಿ ತಂದ ತಾಮ್ರದ ಹಂಡೆ ಇತ್ತಲ್ಲ? ರಾತ್ರಿ ತುಂಬಿಟ್ಟು ಬೆಳಿಗ್ಗೆ ಕುಡಿಯುವ ನೀರು. ಅದನ್ನು ಕುಡಿದೇ ರಿತೇಶ್ ತಲೆ ಬಾಗಿಲಿಗೆ ತಾಗುವಷ್ಟು ಬೆಳೆದದ್ದು. ಮನೆಮಂದಿಗೆ ಆಗಿಬಂದದ್ದು ಮನೆಯ ಮೀನಿಗೆ ಆಗದೆ? ತೊಟ್ಟಿಯಲ್ಲಿ ಆರಿದಷ್ಟು ನೀರನ್ನು ದಿನವೂ ತುಂಬಬೇಕಿತ್ತು. ಫಿಲ್ಟರ್ ನೀರಿನ ಬದಲು ಅವನು ಹಂಡೆಯ ನೀರು ಹೊಯ್ಯತೊಡಗಿದ. ಗುಣ ಹೆಚ್ಚಲೆಂದು ಹಂಡೆಯನ್ನು ಹುಣಸೆಹಣ್ಣಿನಿಂದ ಎಷ್ಟು ತಿಕ್ಕಿದನೆಂದರೆ ಸೂರ್ಯ ಮುಖ ನೋಡಿಕೊಳ್ಳಲು ಕಿಟಕಿಗೆ ಬರುತ್ತಿದ್ದ.

ಮೊದಲು ಸಿಗಡಿ ಮಗುಚಿಕೊಂಡಿತು. ಹವಳ ಮುದುಡಿತು. ಚೆನ್ನಯಣ್ಣ ಬೆರಳದ್ದಿ ನೆಕ್ಕಿದ. ಉಪ್ಪು ಸರಿಯಾಗೇ ಇತ್ತು. ತಾಮ್ರದ ರುಚಿ ಆ ನಾಲಿಗೆಗೆ ಹತ್ತಲಿಲ್ಲ. ಮದುವೆಯಾದಂದಿನಿಂದ ಕುಡಿದ ರುಚಿ ಯಾರಿಗೆ ತಾನೇ ಹತ್ತುತ್ತದೆ? ಒಂದು ಬೆಳಿಗ್ಗೆ ನೋಡಿದರೆ ಹೂವು ಕಲ್ಲು ಬಿಟ್ಟು ಕೊಳೆತು, ನೀರೆಲ್ಲ ಅಕ್ಕಿ ತೊಳೆದಂತೆ ಬೆಳ್ಳಗಾಗಿತ್ತು. ಮೀನುಗಳೆರಡೂ ಒಂದರ ಪಕ್ಕ ಒಂದು ತೇಲುತ್ತಿದ್ದವು.

"ಪಪ್ಪಾ, ಕ್ಯಾ ಡಾಲಾ?" ಏನು ಹಾಕಿದೆಯೆಂದು ರಿತೇಶ್ ಕೇಳಿದ.

"ನೀರು."

"ಕೌನ್ಸಾ ಪಾನಿ?"

ಚೆನ್ನಯಣ್ಣ ಹಂಡೆಯತ್ತ ನೋಡಿದ. ರಿತೇಶ್ ಬನಿಯನ್ನಿನಲ್ಲೇ ಕೂತು ನೀರು ತೆಗೆಯತೊಡಗಿದ. ಬೈದಿದ್ದರೆ ವಾಸಿಯಿತ್ತು.

ಮನೀಶ್ ಫೋನಿನಲ್ಲಿ ಬೈಯಲಿಲ್ಲ, ಅದೂ ಕಷ್ಟವಾಯಿತು. "ಆ ಕಲ್ಲಿನಾಗ ತಾಮ್ರ ಇಳದೈತಿ ಅಂಕಲ್. ಇನ್ನ ಅಲ್ಲಿ ಹೂ ನಿಲ್ಲಂಗಿಲ್ಲ."

ತೊಟ್ಟಿಯನ್ನು ಎತ್ತಲು ಹೋದಾಗ ನಳಿನಾಕ್ಷಿ ಚೆನ್ನಾಗಿದ್ದ ಕೈಯಿಂದ ಅದರ ಅಂಚು ಹಿಡಿದಳು. ಹಾಗಾಗಿ ಅದು ಅಲ್ಲೇ ಇದೆ: ತಿಳಿನೀರು, ಬೋಳು ಕಲ್ಲು, ಗುಂಯ್‌ಗುಡುವ ಪಂಪು.

ವಾಕ್ಯ ಹೋಗಲಿಲ್ಲ. ಊಟದ ಹೊತ್ತಿಗೆ ಅವಳು ಹೂವಿದ್ದ ಮೂಲೆಯನ್ನೇ ನೋಡಿ ಕೇಳುತ್ತಾಳೆ: "ಒಣಸ್ ಆಂಡಾ?" ಕೇಳಿ ಕಾಯುತ್ತಾಳೆ. ಗಾಜಿನ ಹತ್ತಿರ ಯಾರೂ ಬರುವುದಿಲ್ಲ.

"ಆಂಡ್ ಮಾರಾಯ್ತಿ," ಎಂದು ಚೆನ್ನಯಣ್ಣ ಅಡುಗೆಮನೆಯಿಂದ ಹೇಳುತ್ತಾನೆ. ಅವನ ತಟ್ಟೆಯ ಅನ್ನ ಹಾಗೇ ಇರುತ್ತದೆ.

ಅವಳು ತಿರುಗುವುದಿಲ್ಲ. ಕಲ್ಲನ್ನೇ ಮತ್ತೆ ಕೇಳುತ್ತಾಳೆ.