ರುಚಿ ನೋಡದ ಕೈ

ಓಟ್ಸ್ ಹಿಟ್ಟು ಕಬ್ಬಿಣದ ಹಂಚಿನ ಮೇಲೆ ಬೇಯುವಾಗ ಬರುವ ವಾಸನೆ ಜೋಳದ ರೊಟ್ಟಿಯ ವಾಸನೆಗೆ ತೀರಾ ದೂರದ್ದಲ್ಲ. ಹೊಟ್ಟೆ ತುಂಬಿದವರಿಗೂ ಇನ್ನೊಂದು ತಿನ್ನೋಣ ಅನ್ನಿಸುವಂಥದ್ದು. ಕಳೆದ ಶನಿವಾರ ಮಧ್ಯಾಹ್ನ ಡಲ್ಲಾಸ್‌ನ ಆ ಪುಟ್ಟ ಸ್ಕಾಟಿಷ್ ರೆಸ್ಟೋರೆಂಟಿನ ಬಾಗಿಲು ತಳ್ಳಿ ಒಳಗೆ ಕಾಲಿಟ್ಟಾಗ ಮೊದಲು ಎದುರಾದದ್ದು ಅದೇ. ಇರುವುದು ಹದಿನಾಲ್ಕು ಮೇಜು. ಕಿಟಕಿಗೆ ಚೌಕಳಿ ಉಣ್ಣೆಯ ಪರದೆ, ಹೊರಗೆ ನೂರು ಡಿಗ್ರಿ ಫ್ಯಾರನ್‌ಹೀಟ್ ಬಿಸಿಲು. ಆ ಪರದೆ ನೋಡಿದಾಗಲೆಲ್ಲ, ಇಲ್ಲಿ ಅಡುಗೆ ಮಾಡುತ್ತಿದ್ದ ನಮ್ಮ ಆಂಟಿ ನಗುತ್ತಿದ್ದರು... ಆಂಟಿ ತೀರಿಕೊಂಡು ಮೂರು ವಾರವಾಗಿತ್ತು. ಆ ಸುದ್ದಿಯನ್ನು ಅಲ್ಲಿಯ ಷೆಫ್‌ಗೆ ಫೋನಿನಲ್ಲಿ ಹೇಳಲು ಮನಸ್ಸು ಬಾರದೆ, ನಾವೀಗಿರುವ ಫ್ರಿಸ್ಕೋದಿಂದ ಒಬ್ಬಳೇ ಡ್ರೈವ್ ಮಾಡಿಕೊಂಡು ಬಂದಿದ್ದೆ.

ಮದುವೆಯಾದ ಹೊಸತರಲ್ಲಿ ನಾವು ಡಲ್ಲಾಸ್ ಪಕ್ಕದ ಪ್ಲೇನೋದ ಒಂದು ಅಪಾರ್ಟ್‌ಮೆಂಟಿನಲ್ಲಿದ್ದಾಗ ಆಂಟಿ ನಮ್ಮ ಕೆಳಗಿನ ಮನೆಯವರು. ಧಾರವಾಡದವರು. ಗಂಡನಿಗೆ ಐಟಿ ಕೆಲಸ, ಮಗಳು ಹ್ಯೂಸ್ಟನ್‌ನಲ್ಲಿ ಡಾಕ್ಟರ್. ಆಂಟಿಗೆ ಗ್ರೀನ್ ಕಾರ್ಡ್ ಬಂದಿತ್ತು, ಕಾರು ಓಡಿಸಲು ಬರುತ್ತಿರಲಿಲ್ಲ, ಇಂಗ್ಲಿಷ್ ಇದ್ದದ್ದು ನೂರು ಪದವೋ ಏನೋ. ಮಡಿ ಮಾತ್ರ ಇಡೀ ಕಟ್ಟಡಕ್ಕೆ ಹಂಚುವಷ್ಟಿತ್ತು.

ಒಂದು ದಿನ ಅವರು ಮನೆಯ ಹಿಂದಿನ ತೆರೆದ ಜಗಲಿಯಲ್ಲಿ ಕರೆಂಟ್ ಒಲೆ ಇಟ್ಟುಕೊಂಡು ರೊಟ್ಟಿ ಬಡಿಯುತ್ತಿದ್ದರು. ಎದುರು ಬ್ಲಾಕಿನಲ್ಲಿದ್ದ ಸ್ಕಾಟ್ಲೆಂಡಿನ ಹೆಂಗಸೊಬ್ಬರು ನಿಂತು ನೋಡಿದರು, ನೋಡಿದರು, ಹತ್ತು ನಿಮಿಷ ಅಲ್ಲಾಡಲೇ ಇಲ್ಲ. ಅವರೇ ಷೆಫ್, ಆಗಷ್ಟೇ ರೆಸ್ಟೋರೆಂಟ್ ತೆಗೆದಿದ್ದರು. ಅವರ ಊರಿನ ಓಟ್‌ಕೇಕ್ ಅಂದರೆ ಓಟ್ಸ್ ಹಿಟ್ಟಿನ ತೆಳ್ಳನೆಯ ಬಿಲ್ಲೆ. ಅದರಲ್ಲಿ ಜಿಗುಟಿಲ್ಲ, ಲಟ್ಟಿಸಿದರೆ ಅಂಚು ಬಿರಿಯುತ್ತದೆ. ಇಲ್ಲಿ ನೋಡಿದರೆ ಜಿಗುಟಿಲ್ಲದ ಇನ್ನೊಂದು ಹಿಟ್ಟು ಬರಿಗೈಯಲ್ಲಿ ಚಂದ್ರನ ಹಾಗೆ ಗುಂಡಗಾಗುತ್ತಿದೆ! ಷೆಫ್ ನನ್ನನ್ನು ಕರೆದು, ಇದು ಹೇಗೆ ಎಂದು ಆಂಟಿಯನ್ನು ಕೇಳಿಸಿದರು. ಆಂಟಿ ತಲೆ ಎತ್ತದೆ ಹೇಳಿದ್ದು ಇಷ್ಟೇ: “ಬಿಸಿನೀರಾಗ ಚೊಲೋತ್ನಾಗಿ ನಾದಬೇಕಂತ ಹೇಳವಾ ಆಕಿಗೆ. ಹಿಟ್ಟಿಗೆ ಅಂಜಿದ್ರ ಹಿಟ್ಟು ಹರೀತದ.”

ಹಾಗೆ ಐವತ್ತೇಳನೆಯ ವಯಸ್ಸಿನಲ್ಲಿ ಆಂಟಿಗೆ ಆ ರೆಸ್ಟೋರೆಂಟಿನಲ್ಲಿ ಮೊದಲ ಕೆಲಸ ಸಿಕ್ಕಿತು. ನನ್ನ ಆಫೀಸು ಅದೇ ದಾರಿಯಲ್ಲಿತ್ತು, ಬೆಳಿಗ್ಗೆ ಇಳಿಸಿ ಸಂಜೆ ಕರೆದುಕೊಂಡು ಬರುತ್ತಿದ್ದೆ. ಮಾಂಸ ಮುಟ್ಟುವುದಿಲ್ಲ ಎಂದು ಮೊದಲೇ ಹೇಳಿದ್ದರಿಂದ ಒಂದು ಮೂಲೆಯ ಒಲೆ ಅವರಿಗೇ ಮೀಸಲು. ಊಟ ಮಾತ್ರ ಮನೆಯ ಡಬ್ಬಿಯಲ್ಲಿ ತಂದ ಮೊಸರನ್ನ. ಓಟ್‌ಕೇಕ್ ಆದಮೇಲೆ ಬಾರ್ಲಿ ಸೂಪೂ ಅವರ ಪಾಲಿಗೆ ಬಂತು. ಬಾರ್ಲಿ, ಕ್ಯಾರೆಟ್, ಟರ್ನಿಪ್ ಗೆಡ್ಡೆ, ಜೊತೆಗೆ ಈರುಳ್ಳಿಯ ದೊಡ್ಡಣ್ಣನಂಥ ಲೀಕ್. ತೊಂದರೆ ಶುರುವಾದದ್ದು ಆ ಸೂಪಿನಿಂದ.

ಷೆಫ್ ಅವರ ಅಡುಗೆಮನೆಯಲ್ಲಿ ಎಲ್ಲರ ಏಪ್ರನ್ ಜೇಬಿನಲ್ಲೂ ಚಮಚಗಳ ಕಟ್ಟು. ಹೆಜ್ಜೆಹೆಜ್ಜೆಗೂ ರುಚಿ ನೋಡಲೇಬೇಕು ಎಂಬುದು ಅಲ್ಲಿಯ ಕಾನೂನು. ಆಂಟಿ ಒಂದು ದಿನವೂ ನೋಡಲಿಲ್ಲ. ನಾಲ್ಕನೆಯ ವಾರ, ಸಂಜೆ ಕರೆದುಕೊಂಡು ಹೋಗಲು ಬಂದ ನನ್ನನ್ನು ಷೆಫ್ ಪಕ್ಕಕ್ಕೆ ಕರೆದು, ಯಾಕೆ ಹೀಗೆ ಎಂದು ಕೇಳಿದರು. ಯಾಕೆಂದು ನನಗೆ ಗೊತ್ತಿತ್ತು. ಉಣ್ಣುವವರಿಗಿಂತ ಮೊದಲು ಬಡಿಸುವವರ ಬಾಯಿಗೆ ಹೋದರೆ ಅದು ಎಂಜಲು. ಆದರೆ ಎಂಜಲನ್ನು ಇಂಗ್ಲಿಷಿನಲ್ಲಿ ಬಿಡಿಸಿ ಹೇಳುವಷ್ಟು ತಾಳ್ಮೆ ಯಾರಿಗಿದೆ? ಟ್ರಾಫಿಕ್ ಜಾಸ್ತಿಯಾಗುವುದರೊಳಗೆ ಹೊರಡಬೇಕಿತ್ತು. “ಅಲರ್ಜಿ” ಅಂದುಬಿಟ್ಟೆ.

ಈ ದೇಶದಲ್ಲಿ ನಮ್ಮವರೆಲ್ಲ ಮಾಡುವ ಉಪಾಯ ಅದು. ತಿನ್ನುವುದಿಲ್ಲ ಅಂದರೆ ಹತ್ತು ಪ್ರಶ್ನೆ, ಅಲರ್ಜಿ ಅಂದರೆ ಮರುಮಾತಿಲ್ಲ. ಎಷ್ಟು ಆಫೀಸ್ ಪಾರ್ಟಿಗಳನ್ನು ನಾನು ಹಾಗೆ ದಾಟಿದ್ದೆನೋ! ಆದರೆ ಅಡುಗೆ ಮಾಡುವವರಿಗೇ ಅಲರ್ಜಿ ಅಂದರೆ? ಷೆಫ್ ಮುಖ ಬಿಳಿಚಿಕೊಂಡಿತು. ಯಾವುದಕ್ಕೆ? ಓಟ್ಸಿಗಾ, ಹಾಲಿಗಾ? ಡಾಕ್ಟರ ಚೀಟಿ ತರುವವರೆಗೆ ನಾಳೆಯಿಂದ ಅವರು ಬರುವುದು ಬೇಡ ಎಂದರು. ಕೂತ ಕೊಂಬೆಯನ್ನು ಕಡಿದುಕೊಳ್ಳುವುದು ಗಾದೆ. ನಾನು ಆಂಟಿ ಕೂತಿದ್ದ ಕೊಂಬೆಗೇ ಕೊಡಲಿ ಹಾಕಿದ್ದೆ.

ಕಾರಿನಲ್ಲಿ ವಿಷಯ ಹೇಳಿದೆ. ಆಂಟಿ ಮಡಿಲಲ್ಲಿದ್ದ ಊಟದ ಡಬ್ಬಿಯನ್ನು ಕೆಳಗಿಟ್ಟರು. ಆಮೇಲೆ ಅಂದರು: “ನನಗ ಇಲ್ಲದ ರೋಗ ಹಚ್ಚಿದ್ಯಲ್ಲ. ಖರೇ ಹೇಳ್ಲಿಕ್ಕೆ ನಾಚಿಕಿ ಬಂತೇನು? ತಿರುಗಿಸು ಗಾಡಿ.”

ಮುಂದಿನ ಎಕ್ಸಿಟ್ಟಿನಲ್ಲಿ ತಿರುಗಿಸಿದೆ. ಆಂಟಿ ಸೀದಾ ಅಡುಗೆಮನೆಗೆ ನಡೆದು ಷೆಫ್ ಎದುರು ನಿಂತರು. ನನಗೆ ಬಾಯಿ ತೆರೆಯಲು ಬಿಡಲಿಲ್ಲ. “ನೋ ಅಲರ್ಜಿ. ಐ ಟೇಸ್ಟ್, ದೆನ್ ಗೆಸ್ಟ್ ಈಟ್... ನೋ! ಗೆಸ್ಟ್ ಫಸ್ಟ್, ಮೀ ಲಾಸ್ಟ್.” ಷೆಫ್ ಕಣ್ಣು ಕಿರಿದು ಮಾಡಿ, ಹಾಗಾದರೆ ಉಪ್ಪು ಸರಿಯಿದೆಯೆಂದು ಹೇಗೆ ಗೊತ್ತಾಗುತ್ತದೆ ಎಂದರು. ಆಂಟಿ ಬಲ ಅಂಗೈಯನ್ನು ಬಿಡಿಸಿ ತೋರಿಸಿದರು. ಅಷ್ಟೇ ಉತ್ತರ.

ಷೆಫ್ ಸುಲಭಕ್ಕೆ ಸೋಲುವವರಲ್ಲ. ಸಣ್ಣದು, ದೊಡ್ಡದು, ಅದಕ್ಕಿಂತ ದೊಡ್ಡದು, ಮೂರು ಪಾತ್ರೆಗಳಲ್ಲಿ ಸೂಪ್ ಮಾಡಿಸಿದರು. ಪ್ರತಿಯೊಂದಕ್ಕೂ ತಾವೇ ಚಮಚ ಹಾಕಿದರು. ಮೂರನೆಯದಾದ ಮೇಲೆ ಚಮಚ ಕೆಳಗಿಟ್ಟು ನಕ್ಕರು. ಅಂದಿನಿಂದ ಆಂಟಿ ಮಾಡುವುದು, ಷೆಫ್ ರುಚಿ ನೋಡುವುದು ಎಂದಾಯಿತು. ಸುಳ್ಳು ಹೇಳಿದವಳಿಗೆ ಮಾತ್ರ ಆಂಟಿ ಎರಡು ದಿನ ಕಾಫಿ ಕೊಡಲಿಲ್ಲ.

ಆಮೇಲೆ ಊರಿಗೂರೇ ಬಾಗಿಲು ಹಾಕಿಕೊಂಡ ಆ ಕಾಯಿಲೆಯ ವರ್ಷ ಬಂತು. ರೆಸ್ಟೋರೆಂಟ್ ಮುಚ್ಚಿತು, ಅಡುಗೆಯವರು ಒಬ್ಬೊಬ್ಬರೇ ಬೇರೆ ಕಡೆ ಹೋದರು. ಮತ್ತೆ ತೆಗೆಯಲು ಒಂದು ವಾರ ಇದೆ ಎನ್ನುವಾಗ ಷೆಫ್ ಜ್ವರದಿಂದ ಎದ್ದಿದ್ದರು, ಆದರೆ ಮೂಗು ನಾಲಿಗೆ ಎರಡೂ ಸತ್ತಿದ್ದವು. ಕಾಫಿ ಕುಡಿದರೆ ಬಿಸಿನೀರು. ಇನ್ನೊಂದು ತಿಂಗಳು ಬಾಗಿಲು ಹಾಕಿದರೆ ತೆಗೆಯುವ ಮಾತೇ ಇಲ್ಲ ಎಂದು ಪಾರ್ಕಿಂಗ್ ಲಾಟಿನಲ್ಲಿ ನಿಂತು ಅತ್ತರು. ಆಂಟಿ ಅವರ ಭುಜ ತಟ್ಟಿ ನನಗೆ ಹೇಳಿದರು: “ನಾಲಿಗಿ ಹೋದ್ರ ಹೋಗ್ಲಿ, ಕೈ ಅದಲ್ಲ ಅಂತ ಹೇಳವಾ.”

ಮರುದಿನದಿಂದ ಪಾಠ. ಬಾರ್ಲಿ ಬೆಂದು ಗಂಜಿ ಬಿಡುವಾಗ ಕುದಿಯುವ ಸದ್ದು ದಪ್ಪವಾಗುತ್ತದೆ, ಅದನ್ನು ಕಣ್ಣು ಮುಚ್ಚಿ ಕೇಳಬೇಕು. ಉಪ್ಪು ಅಂಗೈಯ ಯಾವ ಗೆರೆಯವರೆಗೆ ಬರಬೇಕು, ಬೆಣ್ಣೆ ಯಾವ ಬಣ್ಣಕ್ಕೆ ತಿರುಗಿದಾಗ ಇಳಿಸಬೇಕು... ದೊಡ್ಡ ದೊಡ್ಡ ಊರಿನಲ್ಲಿ ಕಲಿತು ಬಂದ ಷೆಫ್, ನಮ್ಮ ಆಂಟಿಯ ಪಕ್ಕ ಕೈಕಟ್ಟಿ ನಿಂತು ಕಲಿತರು. ಏಳು ವಾರ ಅವರಿಗೆ ರುಚಿ ಬರಲಿಲ್ಲ. ಆ ಏಳು ವಾರವೂ ರೆಸ್ಟೋರೆಂಟ್ ನಡೆಯಿತು. ಸೂಪಿನ ಒಂದು ಬಟ್ಟಲೂ ವಾಪಸು ಬರಲಿಲ್ಲ. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಅಷ್ಟು ಹೆಮ್ಮೆ ನನಗೆ ನನ್ನ ಪ್ರಮೋಷನ್ನಿನಲ್ಲೂ ಆಗಿಲ್ಲ. ಆಫೀಸಿನಲ್ಲಿ ಕಂಡಕಂಡವರಿಗೆಲ್ಲ, ಅಲ್ಲಿಗೆ ಹೋಗಿ, ನಮ್ಮ ಆಂಟಿ ಮಾಡುವ ಸೂಪ್ ಕುಡಿಯಿರಿ ಎಂದು ಗಂಟುಬಿದ್ದು ಹೇಳುತ್ತಿದ್ದೆ.

ಗಂಡ ರಿಟೈರ್ ಆದಮೇಲೆ ಅವರು ಮಗಳ ಹತ್ತಿರ, ಹ್ಯೂಸ್ಟನ್ ಪಕ್ಕದ ಸ್ಟಾಫರ್ಡ್‌ಗೆ ಶಿಫ್ಟ್ ಆದರು. “ಯಾವಾಗ ಬರ್ತಿ?” ಎಂದು ಫೋನಿನಲ್ಲಿ ಕೇಳುತ್ತಿದ್ದರು. ಡಲ್ಲಾಸ್‌ನಿಂದ ನಾಲ್ಕು ಗಂಟೆಯ ದಾರಿ. ಮುಂದಿನ ಲಾಂಗ್ ವೀಕೆಂಡ್ ಆಂಟಿ, ಮಕ್ಕಳ ಪರೀಕ್ಷೆ ಮುಗಿಯಲಿ ಆಂಟಿ... ಎರಡು ವರ್ಷ ಹೀಗೇ ತಳ್ಳಿದೆ. ಕೊನೆಗೆ ಆಂಟಿಯ ಮಗಳ ಫೋನು ಬಂತು.

ಕಳೆದ ಶನಿವಾರ ಷೆಫ್ ನನ್ನೆದುರು ಕೂತು ಎಲ್ಲವನ್ನೂ ಕೇಳಿಸಿಕೊಂಡರು. ಏಪ್ರನ್ನಿನಲ್ಲಿ ಮುಖ ಒರೆಸಿಕೊಂಡರು. ಎದ್ದು ಒಳಗೆ ಹೋಗಿ ತಾವೇ ಒಂದು ಬಟ್ಟಲು ಬಾರ್ಲಿ ಸೂಪ್ ತಂದಿಟ್ಟರು. ಬೇರೆ ಅಡುಗೆಯನ್ನೆಲ್ಲ ಇಂದಿಗೂ ರುಚಿ ನೋಡಿಯೇ ಕಳಿಸುತ್ತಾರಂತೆ, ಈ ಸೂಪಿನ ಒಂದು ಪಾತ್ರೆಗೆ ಮಾತ್ರ ಬಡಿಸುವ ಮೊದಲು ಯಾರೂ ಚಮಚ ಹಾಕುವ ಹಾಗಿಲ್ಲ, ಅವರೂ ಹಾಕುವುದಿಲ್ಲ.

ಧಾರವಾಡದ ಒಬ್ಬ ಹೆಂಗಸು ನೂರು ಪದದ ಇಂಗ್ಲಿಷಿನಲ್ಲಿ, ಒಂದು ಸುಳ್ಳೂ ಆಡದೆ, ಡಲ್ಲಾಸ್‌ನ ಅಡುಗೆಮನೆಯಲ್ಲಿ ತನ್ನ ಕಾನೂನು ನಿಲ್ಲಿಸಿ ಹೋಗಿದ್ದರು. ಎದೆಯುಬ್ಬಿ ಬಂತು. ಷೆಫ್ ನಿಂತೇ ಇದ್ದರು. ನಾನು ಒಂದು ಚಮಚ ಕುಡಿದೆ.

“ಉಪ್ಪು ಒಂಚೂರು ಕಡಿಮೆ” ಎಂದೆ.

“ಗೊತ್ತು” ಎಂದರು ಷೆಫ್. “ಗೆಸ್ಟ್ ಎಲ್ಲರದೂ ಆದಮೇಲೆ ನಾವು ಉಣ್ಣಲು ಕೂರುತ್ತೇವಲ್ಲ, ಆಗ ದಿನಾ ಗೊತ್ತಾಗುತ್ತದೆ.”