ಒಣಗದ ಕಟ್ಟಿಗೆ

ನೇಸರಗಿಯಲ್ಲಿ ನಮ್ಮ ಪಕ್ಕದ ಮನೆಯ ಹಿರಿಯರು ಕಟ್ಟಿಗೆ ಒಟ್ಟುವುದನ್ನು ನೋಡಲು ಬೇರೆ ಓಣಿಯವರೂ ಬರುತ್ತಿದ್ದರು. ಗ್ಯಾಸ್ ಒಲೆ ನಮ್ಮ ಕಡೆಗೆ ಇನ್ನೂ ಬಾರದ ತೊಂಬತ್ತರ ದಶಕ ಅದು. ಬೇಸಿಗೆಯಲ್ಲಿ ಬದುವಿನ ಜಾಲಿ ಕಡಿದು, ಚಕ್ಕಡಿಯಲ್ಲಿ ಹೇರಿ ತಂದು, ಸೀಳಿ, ಹಿತ್ತಲಲ್ಲಿ ಗೋಡೆ ಕಟ್ಟುವ ಗೌಂಡಿಯಂತೆ ದಾರ ಹಿಡಿದು ಒಟ್ಟುತ್ತಿದ್ದರು. ಆಮೇಲೆ ಎರಡು ಹೆಜ್ಜೆ ಹಿಂದೆ ಸರಿದು, ಒಂದು ಕಣ್ಣು ಮುಚ್ಚಿ ನೋಡಿ, ಹೊರಗೆ ಚಾಚಿದ ತುಂಡನ್ನು ಅಂಗೈಯಿಂದ ಒಳಗೆ ತಟ್ಟುತ್ತಿದ್ದರು.

ಆ ಒಟ್ಟಲಿನಿಂದ ಒಂದು ತುಂಡನ್ನೂ ಒಲೆಗೆ ಕೊಡುತ್ತಿರಲಿಲ್ಲ. ಹೆಂಡತಿ ಕೇಳಿದರೆ, "ಇನ್ನೂ ಒಣಗಿಲ್ಲ, ತಡಿ" ಎನ್ನುತ್ತಿದ್ದರು. ಮೂರು ಬೇಸಿಗೆ ಕಂಡ ಕಟ್ಟಿಗೆಗೂ ಅದೇ ಮಾತು. ಹೀಗಾಗಿ ಊರಿಗೇ ದೊಡ್ಡ ಒಟ್ಟಲಿದ್ದ ಆ ಮನೆಯ ಜಳಕದ ನೀರು ನಮ್ಮ ಕಟ್ಟಿಗೆಯಿಂದ ಕಾಯುತ್ತಿತ್ತು.

ಒಮ್ಮೆ ಅವರು ದೊಡವಾಡಕ್ಕೆ ಹೋದಾಗ ನಮ್ಮಪ್ಪ ಒಟ್ಟಲಿನ ನಡುವಿನಿಂದ ಒಂದೇ ಒಂದು ತುಂಡು ಎಳೆದು ಒಲೆಗೆ ಹಾಕಿದ. ಭುಗ್ಗೆಂದು ಹತ್ತಿತು. ಸಂಜೆ ಬಂದವರು ಒಂದು ಕಣ್ಣು ಮುಚ್ಚಿ ನೋಡಿ, ಚಾ ಕೂಡ ಕುಡಿಯದೆ ಇಡೀ ಒಟ್ಟಲನ್ನು ಬಿಚ್ಚಿದರು. ಮತ್ತೆ ಕಟ್ಟಲು ಎರಡು ದಿನ ಹಿಡಿಯಿತು.

"ಗಾಳ್ಯಾಡಾಕ ಬಿಟ್ಟ ಸಂದಿ ಕೆಟ್ಟಿತ್ತು ತಮ್ಮಾ," ಎಂದರು ಅಪ್ಪನಿಗೆ. "ಈಗ ಮೊದಲಿಂದ ಒಣಗಬೇಕು."

ಅವರು ತೀರಿಕೊಂಡಾಗ ಒಟ್ಟಲಿಗೆ ಅಪಾಯವೇನೂ ಇರಲಿಲ್ಲ. ನಮ್ಮಲ್ಲಿ ಸುಡುವುದಿಲ್ಲ, ಹೂಳುತ್ತಾರೆ. ಮೈ ತೊಳೆಯಲು ಒಂದು ಹಂಡೆ ಬಿಸಿನೀರು ಮಾತ್ರ ಬೇಕಿತ್ತು. ಬಂದ ಮಂದಿಯೆಲ್ಲ ಆ ಒಟ್ಟಲಿನ ನೆರಳಿನಲ್ಲೇ ಕೂತಿದ್ದರು. ಅವರ ಹೆಂಡತಿ ಕಣ್ಣೊರೆಸಿಕೊಳ್ಳುತ್ತ ನಮ್ಮ ಹಿತ್ತಲ ಬಾಗಿಲಿಗೆ ಬಂದು ಅವ್ವನನ್ನು ಕೇಳಿದರು:

"ನಾಕು ಕಟಗಿ ಕೊಡ ತಂಗಿ. ನಮ್ಮವು ಇನ್ನೂ ಒಣಗಿಲ್ಲ."