ಬಲೆಚೀಲದಲ್ಲಿದ್ದ ಮೂರು ಮುಳ್ಳುಂಡೆಗಳು

ಪ್ರಯೋಗಾಲಯದಲ್ಲಿ ಎಲ್ಲರೂ ಅವಳನ್ನು ತೊಟ್ಟಿಯಕ್ಕ ಎನ್ನುತ್ತಿದ್ದರು. ಕಡಲ ನೀರಿನ ತೊಟ್ಟಿಗಳನ್ನು ತಿಕ್ಕುವುದು, ಮೇವಿಗೆ ಪಾಚಿ ಹಾಕುವುದು, ಸತ್ತವನ್ನು ಎತ್ತಿ ಬಿಸಾಡುವುದು ಅವಳ ಕೆಲಸ. ತೊಟ್ಟಿಗಳಲ್ಲಿದ್ದವು ಮೈಯೆಲ್ಲ ಮುಳ್ಳಾದ ಉಂಡೆಯಂಥ ಜೀವಿಗಳು. ಅವಕ್ಕೆ ‘ಮುಳ್ಳುಂಡೆ’ ಎಂದು ಹೆಸರಿಟ್ಟವನು ಅವಳ ಗಂಡ. ಕಡಲಲ್ಲಿ ಮುಳುಗಿ ಹಿಡಿದು ತರುತ್ತಿದ್ದವನೂ ಅವನೇ.

“ತರೋದು ನಾನು, ಸಾಕೋದು ನೀನು. ನಮಗೆ ಮಕ್ಕಳಿಲ್ಲ ಅಂದೋರು ಯಾರು?” ಎಂದು ನಗುತ್ತಿದ್ದ. ಕರುಳು ಚುರುಕ್ಕೆಂದರೂ ಅವಳೂ ನಗುತ್ತಿದ್ದಳು.

ಆ ವರ್ಷ ಕಡಲು ಬಿಸಿಯಾಗಿ ಕೆಂಪು ಮುಳ್ಳುಂಡೆಗಳು ರಾಶಿರಾಶಿ ಸತ್ತವು. ತೊಟ್ಟಿಯಲ್ಲಿ ಉಳಿದದ್ದು ಒಂದೇ ಹೆಣ್ಣು. ಪ್ರಯೋಗಾಲಯದ ವಿಜ್ಞಾನಿ ಮೇಡಂ ಬೇರೆ ದಾರಿಯಿಲ್ಲದೆ ಅದರ ಅಂಡಗಳಿಗೆ ಕಪ್ಪು ಜಾತಿಯ ವೀರ್ಯಾಣು ಬೆರೆಸಿ, ಅವಳನ್ನೂ ಸೂಕ್ಷ್ಮದರ್ಶಕದ ಬಳಿ ಕರೆದರು. ವೀರ್ಯಾಣುಗಳು ಅಂಡವನ್ನು ಮುತ್ತಿ, ತಡಕಾಡಿ, ಜಾರಿ ಹೋಗುತ್ತಿದ್ದವು.

“ವೀರ್ಯಾಣು ತುದೀಲಿ ಒಂಥರಾ ಅಂಟು ಇರುತ್ತೆ. ಅಂಡದ ಮೈಮೇಲೆ ಅದನ್ನ ಹಿಡಿಯೋ ಜಾಗ ಇರುತ್ತೆ. ಜಾತಿ ಬೇರೆ ಆದ್ರೆ ಎರಡೂ ಕೂಡಲ್ಲ. ಇದರದೇ ಗಂಡು ಸಿಗಬೇಕು,” ಎಂದರು ಮೇಡಂ.

ಊಟದ ಹೊತ್ತಿಗೆ ಇದನ್ನು ಕೇಳಿ ಗಂಡ ಕೈಯಲ್ಲಿದ್ದ ತುತ್ತು ಮರೆತ.

“ಬಂಡೆ ಆಚೆ ಆಳದಲ್ಲಿ ನೀರು ಇನ್ನೂ ತಣ್ಣಗಿದೆ. ಅಲ್ಲಿ ಉಳಿದಿದ್ರೂ ಉಳಿದಿರಬಹುದು.”

“ಅಲೆ ಜೋರಾಗಿದೆ ರೀ. ತಗ್ಗಿದ ಮೇಲೆ ಹೋಗಿ.”

“ಅಷ್ಟರಲ್ಲಿ ನಿನ್ನ ಮಗಳು ಮುದುಕಿ ಆಗಿರ್ತಾಳೆ!”

ಮರುದಿನ ಹೋದವನನ್ನು ದೋಣಿಯವರು ಹೆಣವಾಗಿ ತಂದರು. ಅಲೆ ಅವನನ್ನು ಬಂಡೆಗೆ ಅಪ್ಪಳಿಸಿತ್ತು. ಸೊಂಟದ ಬಲೆಚೀಲದಲ್ಲಿ ಮೂರು ಕೆಂಪು ಮುಳ್ಳುಂಡೆಗಳು ಮುಳ್ಳಾಡಿಸುತ್ತಿದ್ದವು.

“ಈ ಪೀಡೆಗಳಿಂದ ನಮ್ಮಣ್ಣ ಹೋದ!” ಎಂದು ನಾದಿನಿ ಚೀಲ ಎಸೆಯಹೊರಟಳು. ತೊಟ್ಟಿಯಕ್ಕ ಕಿತ್ತುಕೊಂಡು ಬಕೆಟ್ಟಿನ ಉಪ್ಪುನೀರಿಗೆ ಬಿಟ್ಟಳು. ನಾದಿನಿ ಅವಳ ಜೊತೆ ಮತ್ತೆ ಮಾತಾಡಲಿಲ್ಲ.

ಅಂತ್ಯಕ್ರಿಯೆ ಮುಗಿದ ಮರುದಿನವೇ ತೊಟ್ಟಿಯಕ್ಕ ಬಕೆಟ್ಟು ಹಿಡಿದು ಪ್ರಯೋಗಾಲಯಕ್ಕೆ ಹೋದಳು. ಮುಳ್ಳುಂಡೆಗಳಲ್ಲಿ ಗಂಡು ಹೆಣ್ಣು ಹೊರಗಿನಿಂದ ತಿಳಿಯುವುದಿಲ್ಲ. ಒಳಗಿನ ಅಂಡವೋ ವೀರ್ಯವೋ ಹೊರಬರಲೆಂದು ಮೇಡಂ ಒಂದೊಂದಕ್ಕೂ ಮದ್ದಿನ ಸೂಜಿ ಚುಚ್ಚಿದರು. ಮೊದಲನೆಯದು ಹಳದಿ ಅಂಡಗಳನ್ನು ಸುರಿಸಿತು. ಎರಡನೆಯದೂ ಹೆಣ್ಣೇ. ಮೂರನೆಯದು ಹಾಲಿನಂಥ ಬಿಳಿ ವೀರ್ಯ ಬಿಟ್ಟಿತು.

ಅದನ್ನು ತೊಟ್ಟಿಯ ಹೆಣ್ಣಿನ ಅಂಡಗಳಿಗೆ ಬೆರೆಸಿದರು. ಈ ಸಲ ವೀರ್ಯಾಣುಗಳು ಜಾರಲಿಲ್ಲ, ಅಂಡವನ್ನು ಕಚ್ಚಿ ನಿಂತವು. ಒಂದು ಒಳಹೊಕ್ಕದ್ದೇ ತಡ, ಅಂಡದ ಸುತ್ತ ತೆಳು ಪೊರೆಯೆದ್ದು ಮಿಕ್ಕವನ್ನೆಲ್ಲ ಹೊರಗೇ ತಡೆಯಿತು.

“ಹಿಡೀತು ಮೇಡಂ,” ಎಂದಳು. ಅಲ್ಲಿಯವರೆಗೆ ಬಾರದ ಅಳು ಆಗ ಬಂತು.

ಮರಿಗಳಲ್ಲಿ ಹೆಚ್ಚಿನವು ಸತ್ತವು. ಬದುಕಿದ ಕೆಲವನ್ನು ಕಡಲಿಗೆ ಬಿಡುವ ದಿನ ಮೇಡಂ ದೋಣಿ ಹತ್ತಲು ಕರೆದರು.

“ಆ ನೀರಿನ ಮುಖ ನೋಡೋಕೆ ನನ್ನ ಕೈಲಾಗಲ್ಲ,” ಎಂದು ಅವಳು ಪ್ರಯೋಗಾಲಯದ ಬಾಗಿಲಲ್ಲೇ ನಿಂತುಬಿಟ್ಟಳು.